ಗೊತ್ತಿರುವ ಸೋರಿಕೆಯ ಹಿಂದೆ ಅಡಗುವ ಸೋರಿಕೆ

ಬೆಳಗಾವಿಯ ಉದ್ಯಮಬಾಗದಲ್ಲಿ ವಾಲ್ವ್ ಟೆಸ್ಟಿಂಗ್ ಮಾಡುವವರಿಗೆಲ್ಲ ಈ ತಲೆನೋವು ಗೊತ್ತು. ಹೈಡ್ರೋ ಟೆಸ್ಟ್‌ಗೆ ನೀರು ತುಂಬಿ ಒತ್ತಡ ಏರಿಸಿದಾಗ ಗ್ಲ್ಯಾಂಡ್ (ವಾಲ್ವ್ ತಿರುಗಿಸುವ ದಂಡದ ಸುತ್ತ ನೀರು ತಡೆಯುವ ಬಿಗಿ ಭಾಗ) ಹತ್ತಿರ ಸ್ವಲ್ಪ ಜಿನುಗುತ್ತದೆ. ಆ ನೀರು ಇಳಿದು ಬಾಡಿಯೆಲ್ಲ ಒದ್ದೆಯಾಗುತ್ತದೆ. ಕೆಳಗೆ ಎರಕದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕಾಣಲ್ಲ, ನೋಡಿದವರು ಗ್ಲ್ಯಾಂಡ್ ನೀರು ಅಂದುಕೊಂಡು ಮುಂದೆ ಹೋಗುತ್ತಾರೆ. ನಮ್ಮ ಹಿರಿಯ ಫಿಟ್ಟರ್ ಕಾಕಾ ಹುಡುಗರಿಗೆ ಹೇಳುವುದು ಒಂದೇ: "ಮೊದ್ಲ ಗ್ಲ್ಯಾಂಡ್ ಬಿಗಿ ಮಾಡು, ಪೂರಾ ಒಣಾ ಮಾಡು, ಆಮ್ಯಾಲ ನೋಡು."

ಅಮೆರಿಕದ ಓಹಾಯೋದಲ್ಲಿರುವ ಡೇವಿಸ್-ಬೆಸ್ಸೆ ಅಣು ವಿದ್ಯುತ್ ಸ್ಥಾವರದ ಬಗ್ಗೆ ಓದಿದಾಗಿನಿಂದ ಈ ಮಾತು ನನ್ನ ತಲೆಯಲ್ಲೇ ಇದೆ.

ಅಲ್ಲಿನ ರಿಯಾಕ್ಟರ್ ನೀರಿನಲ್ಲಿ ಬೋರಿಕ್ ಆಮ್ಲ ಇರುತ್ತದೆ. ನೀರು ಹೊರಗೆ ಸೋರಿದರೆ ಬಿಸಿಗೆ ಆವಿಯಾಗಿ ಬಿಳಿ ಹರಳು ಉಳಿಯುತ್ತದೆ. ರಿಯಾಕ್ಟರ್ ಪಾತ್ರೆಯ ಮುಚ್ಚಳದ ಮೇಲೆ ಇಂಥ ಹರಳು ವರ್ಷಗಳಿಂದ ಕೂಡಿತ್ತು. ಮೇಲಿನ ಫ್ಲ್ಯಾಂಜ್‌ಗಳು, ಅಂದರೆ ಬೋಲ್ಟ್ ಹಾಕಿ ಬಿಗಿದ ಜೋಡಣೆಗಳು, ಸೋರುವುದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಇದೂ ಅಲ್ಲಿಂದಲೇ ಬಂದದ್ದು ಅಂತ ತೀರ್ಮಾನಿಸಿದರು. ಆದರೆ ಹರಳಿನ ಬಣ್ಣ ತುಕ್ಕಿನ ಕೆಂಪಿಗೆ ತಿರುಗಿತ್ತು. ಗಾಳಿಯಲ್ಲಿನ ವಿಕಿರಣ ಅಳೆಯುವ ಉಪಕರಣದ ಫಿಲ್ಟರ್‌ಗಳು ಮಾಮೂಲಿಗಿಂತ ತುಂಬಾ ಬೇಗ ಕಟ್ಟಿಕೊಳ್ಳುತ್ತಿದ್ದವು, ಅವುಗಳಲ್ಲೂ ತುಕ್ಕು ಸಿಗುತ್ತಿತ್ತು. ಬಿಳಿ ಇದ್ದರೆ ನೀರು ಸೋರಿದೆ ಅಂತ, ಕೆಂಪು ಬಂತೆಂದರೆ ಎಲ್ಲೋ ಉಕ್ಕು ಕರಗುತ್ತಿದೆ ಅಂತ ಅಲ್ವಾ? ಆದರೂ ಅವರು ಫಿಲ್ಟರ್ ಬದಲಿಸುತ್ತಾ ಹೋದರು.

2002ರಲ್ಲಿ ಸ್ಥಾವರ ನಿಲ್ಲಿಸಿ ಮುಚ್ಚಳದ ಮೂಲಕ ಹಾದುಹೋಗುವ ನಳಿಕೆಗಳನ್ನು ಪರೀಕ್ಷಿಸಿದರು. ಬಿರುಕು ಸಿಕ್ಕಿತು. ಮೂರನೇ ನಂಬರಿನ ನಳಿಕೆ ರಿಪೇರಿ ಮಾಡುವಾಗ ಅದು ಅಲುಗಾಡಿ ವಾಲಿತು, ಆಗಲೇ ಅನುಮಾನ ಬಂದದ್ದು. ತೊಳೆದು ನೋಡಿದರೆ ಪಕ್ಕದಲ್ಲಿ ಆರು ಇಂಚಿಗೂ ದಪ್ಪದ ಉಕ್ಕನ್ನು ಆಮ್ಲ ಪೂರ್ತಿ ತಿಂದುಹಾಕಿತ್ತು. ಸುಮಾರು 150 ವಾತಾವರಣದಷ್ಟು ಒತ್ತಡವನ್ನು ತಡೆದು ನಿಂತಿದ್ದದ್ದು ಒಳಗಿನ ಸ್ಟೇನ್‌ಲೆಸ್ ಸ್ಟೀಲ್ ಪದರ ಮಾತ್ರ, ಸರಿಸುಮಾರು ಒಂದು ಸೆಂಟಿಮೀಟರ್ ದಪ್ಪದ್ದು, ಅದೂ ಉಬ್ಬಿತ್ತು. ಇದನ್ನು ಓದಿದಾಗ ನಿಜವಾಗಿಯೂ ಮೈ ಜುಮ್ ಅಂದಿತು. ಸ್ಥಾವರ ಮತ್ತೆ ಶುರುವಾದದ್ದು 2004ರಲ್ಲಿ.

ಮೂಲ ಗೊತ್ತಿಲ್ಲದ ಸೋರಿಕೆಗೆ ಅಲ್ಲಿ ಮಿತಿ ಇದೆ, ನಿಮಿಷಕ್ಕೆ ಸುಮಾರು 3.8 ಲೀಟರ್. ಡೇವಿಸ್-ಬೆಸ್ಸೆಯ ಸೋರಿಕೆ ಯಾವತ್ತೂ ಆ ಮಿತಿ ದಾಟಿರಲಿಲ್ಲ. ಆ ಮಿತಿಯ ಲೆಕ್ಕದಲ್ಲಿ ಎಲ್ಲಾ ಸರಿಯಾಗಿಯೇ ಇತ್ತು.

ನಮ್ಮ ಕೈಗಾ ರಿಯಾಕ್ಟರ್‌ಗಳ ವ್ಯವಸ್ಥೆ ಬೇರೆ. ಅಲ್ಲಿ ಓಡುವುದು ಭಾರಜಲ, ಒಂದೊಂದು ರಿಯಾಕ್ಟರ್‌ನಲ್ಲಿ ಇಂಧನ ಇರುವ 306 ಕೊಳವೆಗಳು. ಪ್ರತಿ ಕೊಳವೆಯ ಸುತ್ತ ಇನ್ನೊಂದು ಕೊಳವೆ, ನಡುವಿನ ಸಂದಿಯಲ್ಲಿ ಒಣ ಇಂಗಾಲದ ಡೈಆಕ್ಸೈಡ್ ಹರಿಯುತ್ತದೆ. ಆ ಅನಿಲದ ಡ್ಯೂ ಪಾಯಿಂಟ್ ಅನ್ನು, ಅಂದರೆ ಅದರಲ್ಲಿನ ತೇವ ಹನಿಯಾಗಲು ಶುರುವಾಗುವ ತಾಪಮಾನವನ್ನು, ಸದಾ ಅಳೆಯುತ್ತಾರೆ. ಒಂದಿಷ್ಟು ತೇವ ಸೇರಿದರೂ ಡ್ಯೂ ಪಾಯಿಂಟ್ ಏರುತ್ತದೆ. ಈ ಯೋಚನೆ ನನಗೆ ಬಹಳ ಹಿಡಿಸಿತು, ಕಾಕಾ ಹೇಳುವ 'ಒಣಾ ಮಾಡು' ಅಲ್ಲಿ ವಿನ್ಯಾಸದಲ್ಲೇ ಇದೆ. ಹಾಗಂತ ಅಷ್ಟಕ್ಕೇ ನಿಶ್ಚಿಂತೆ ಇಲ್ಲ. ಇದೇ ಮಾದರಿಯ ಗುಜರಾತಿನ ಕಾಕ್ರಾಪಾರದಲ್ಲಿ 2016ರ ಮಾರ್ಚ್ 11ರಂದು ಒಂದು ಕೊಳವೆ ಸೋರಿತು. ತನಿಖೆ ಮಾಡಿದಾಗ ಕೊಳವೆಗಳ ಹೊರಮೈಯಲ್ಲಿ, ಅಂದರೆ ಆ ಅನಿಲ ತಾಗುವ ಕಡೆಯಲ್ಲೇ, ಅಲ್ಲಲ್ಲಿ ತುಕ್ಕಿನಂಥ ರಾಸಾಯನಿಕ ಸವೆತ ಸಿಕ್ಕಿತು.

ಸೋರಿಕೆ ಹುಡುಕಲು ನಿಂತವರು 'ಇದು ಹಳೇದು, ಗೊತ್ತಿರೋದೇ' ಅನ್ನುವ ಮುಂಚೆ ಒಂದು ಲೆಕ್ಕ ಮಾಡಲೇಬೇಕು. ಆ ಹಳೇ ಸೋರಿಕೆಯಿಂದ ಎಷ್ಟು ನೀರು ಬರುತ್ತದೆ? ಕಾಣುತ್ತಿರುವ ಒದ್ದೆ, ಹರಳು, ತುಕ್ಕು ಎಲ್ಲಾ ಅಷ್ಟರಿಂದಲೇ ಆಗಲು ಸಾಧ್ಯವಾ? ಲೆಕ್ಕ ಕೂಡದಿದ್ದರೆ ಉಳಿದ ನೀರು ಎಲ್ಲಿಂದ ಬಂತು ಅಂತ ಹುಡುಕಲು ಒಬ್ಬರ ಹೆಸರು ಬರೆದಿಡಬೇಕು, ಅದು ಸಿಗುವ ತನಕ ಕೆಲಸ ಮುಗಿಯಿತು ಅಂತ ಸಹಿ ಹಾಕಬಾರದು.