ಮಾರ್ಕೆಟ್ಟೂ ಬೇಕು, ಚರ್ಚೂ ಬೇಕು ಅಂತೀರಲ್ಲ, ಅದ್ಹೇಗೆ?

ಕೋಲಾರದ ಟೊಮೇಟೊ ಮಂಡಿಯಲ್ಲಿ ಟೀಗೆ ಸಿಗುವವರೂ ಕೇಳುತ್ತಾರೆ, ಚರ್ಚಿನ ಹುಡುಗರೂ ಕೇಳುತ್ತಾರೆ. "ಏನ್ ಸಾರ್, ವ್ಯಾಪಾರದಲ್ಲಿ ಸರ್ಕಾರ ಕೈಯಾಡಿಸಬಾರದು ಅಂತೀರ, ಅಮೆರಿಕದ ಲೇಖಕಿ ಐನ್ ರ‍್ಯಾಂಡ್ ಓದ್ತೀರ, ಭಾನುವಾರ ಬೈಬಲ್ ಹಿಡ್ಕೊಂಡು ಬರ್ತೀರ, ಹಿಂದಿನವರ ರೀತಿ ನೀತಿ ಬಿಡಬಾರದು ಅಂತಲೂ ಹೇಳ್ತೀರ. ಇದೆಲ್ಲಾ ಒಂದೇ ಹೊಟ್ಟೆಯಲ್ಲಿ ಅರಗುತ್ತಾ?"

ಅರ್ಧ ಅರಗುತ್ತದೆ.

ಮಾರ್ಕೆಟ್ ಬಗ್ಗೆ ನನಗೆ ತಕರಾರಿಲ್ಲ. 2023ರ ಜುಲೈನಲ್ಲಿ ಇದೇ ಮಂಡಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಪೇಟೆಯವರೆಲ್ಲ ಬೈದರು. ರೇಟಿಲ್ಲದೆ ರಸ್ತೆ ಪಕ್ಕ ಸುರಿದು ಹೋದಾಗ ಮಾತ್ರ ಯಾರೂ ಕೇಳಿರಲಿಲ್ಲ. ಬೈಬಲ್ಲಿನಲ್ಲಿ 'ಕದಿಯಬಾರದು' ಅನ್ನುವ ಆಜ್ಞೆ ಇದೆ ಅಂದರೆ ಮನುಷ್ಯನಿಗೆ ತನ್ನದು ಅಂತ ಒಂದಿದೆ ಅಂತಲೇ ಅರ್ಥ, ಅಲ್ವಾ?

ಗಂಟಲಲ್ಲಿ ಸಿಕ್ಕಿಕೊಳ್ಳುವುದು ರ‍್ಯಾಂಡ್. 1905ರಲ್ಲಿ ರಷ್ಯಾದಲ್ಲಿ ಹುಟ್ಟಿದವರು. ಕ್ರಾಂತಿಯ ಗಲಾಟೆಯಲ್ಲಿ ಅಪ್ಪನ ಔಷಧಿ ಅಂಗಡಿಯನ್ನು ಕಿತ್ತುಕೊಂಡದ್ದು ನೋಡಿ, 1926ರಲ್ಲಿ ಅಮೆರಿಕ ಸೇರಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆಕೆ ದೇವರಿಲ್ಲ ಅಂದು ಸುಮ್ನಾಗಲಿಲ್ಲ. ಇನ್ನೊಬ್ಬರಿಗಾಗಿ ತನ್ನನ್ನು ಬಲಿ ಕೊಡುವುದೇ ತಪ್ಪು, ಸ್ವಾರ್ಥವೇ ಸದ್ಗುಣ ಅಂದರು. ಶಿಲುಬೆ ನೋಡುತ್ತಾ ಬೆಳೆದವನು ಇದಕ್ಕೆ ಹೂಂ ಅನ್ನುವುದು ಹೇಗೆ? ದಾನ ಮಾಡಬೇಡಿ ಅಂತ ಆಕೆ ಹೇಳಲಿಲ್ಲ, ಅದನ್ನು ಕರ್ತವ್ಯ ಅನ್ನಬೇಡಿ ಅಂದರು. ನನ್ನ ಜಗಳ ಇರುವುದೇ ಇಲ್ಲಿ.

ಬೈಬಲ್ಲಿನ ಯಾಜಕಕಾಂಡ 19ನೇ ಅಧ್ಯಾಯ ತೆಗೆದು ನೋಡಿ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಹಕ್ಕಲಾಯಬೇಡ, ಬಡವನಿಗೂ ಪರದೇಶಿಗೂ ಬಿಡು ಅನ್ನುತ್ತದೆ. ಹೊಲ ನಿನ್ನದೇ, ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಅಂಚು ಬಿಡುವುದು ನಿನ್ನ ಮನಸ್ಸು ಬಂದಾಗ ಮಾಡುವ ಉಪಕಾರವಲ್ಲ. ನಮ್ಮಜ್ಜಿ ಓದು ಬರಹ ಬಾರದವರು, ರಾಗಿ ಕೊಯ್ದ ಮೇಲೆ ಬಿದ್ದ ತೆನೆ ಆಯಲು ಬಂದವರನ್ನು ಓಡಿಸಿದರೆ ನಮಗೇ ಬೈಯುತ್ತಿದ್ದರು.

ಇನ್ನು ಸಂಪ್ರದಾಯವಾದಿಗಳು. ಅವರೂ ಆಕೆಯನ್ನು ಹತ್ತಿರ ಸೇರಿಸಲಿಲ್ಲ. 1957ರಲ್ಲಿ ಆಕೆಯ ದೊಡ್ಡ ಕಾದಂಬರಿ ಬಂದಾಗ ಅಮೆರಿಕದ ಬಲಪಂಥೀಯ ವಿಲಿಯಂ ಬಕ್ಲಿಯವರ ಪತ್ರಿಕೆಯೇ ಅದರ ಚರ್ಮ ಸುಲಿಯಿತು. ನಮ್ಮ ಕಡೆ ರಾಜಾಜಿ ಇದ್ದರಲ್ಲ, 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಎಲ್ಲಕ್ಕೂ ಸರ್ಕಾರದ ಅನುಮತಿ ಬೇಕೆನ್ನುವ ಪರ್ಮಿಟ್-ಲೈಸೆನ್ಸ್ ರಾಜ್ ಅಂತ ಸರ್ಕಾರವನ್ನು ಜಾಡಿಸಿದರು, ಹಾಗಂತ ಧರ್ಮವನ್ನೂ ಬಿಡಲಿಲ್ಲ, ರಾಮಾಯಣವನ್ನೂ ಬಿಡಲಿಲ್ಲ. ನಾನು ಕ್ರೈಸ್ತ, ಆದರೂ ರ‍್ಯಾಂಡ್‌ಗಿಂತ ಅವರೇ ನನಗೆ ಜಾಸ್ತಿ ಹತ್ತಿರ.

ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲೂ ಹರಾಜು ಉಂಟು. ಕಾಣಿಕೆ ಬಂದ ನಾಟಿ ಕೋಳಿ, ತೆಂಗಿನಕಾಯಿ, ಕುಂಬಳಕಾಯಿ. ಮಂಡಿಯಲ್ಲಿ ಬಾಕ್ಸಿಗೆ ಐದು ರೂಪಾಯಿ ಬಿಡದ ನಾನು ಅಲ್ಲಿ ಕಳೆದ ಸಲ ನಲವತ್ತರ ಕುಂಬಳಕಾಯಿಗೆ ಒಂಬೈನೂರು ಕೂಗಿದೆ. ಅವನ ದುಡ್ಡು ಅವನಿಷ್ಟ ಅಂತ ರ‍್ಯಾಂಡ್ ಸುಮ್ನಿರುತ್ತಿದ್ದರೇನೋ. ನನ್ನ ಹೆಂಡತಿ ಸುಮ್ನಿರಲಿಲ್ಲ. ನಮ್ಮನೆಯಲ್ಲಿ ಕುಂಬಳಕಾಯಿ ಯಾರೂ ತಿನ್ನುವುದಿಲ್ಲ.