ಬಾಸ್ ರಾಕ್‌ನ ಹಕ್ಕಿ, ಮುನಿರಾಬಾದಿನ ಬಲೆ

ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನಿಂದ ದೋಣಿ ಹತ್ತಿದರೆ ಸಮುದ್ರದ ನಡುವೆ ಸುಣ್ಣ ಬಳಿದಂಥ ಬಂಡೆ ಕಾಣುತ್ತದೆ. ಅದು ಬಾಸ್ ರಾಕ್. ಆ ಬಿಳುಪೆಲ್ಲ ಗ್ಯಾನೆಟ್ ಎಂಬ ಕಡಲಹಕ್ಕಿಗಳದ್ದು, ಅವುಗಳ ಹಿಕ್ಕೆಯದ್ದು. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ಆರಡಿ ಅಗಲ.

ಮೊನ್ನೆ ನನ್ನ ತಲೆ ಮೇಲೇ ಒಂದು ಹಕ್ಕಿ ಗಾಳಿಯಲ್ಲಿ ತಡೆದು ನಿಂತಿತು. ಕತ್ತು ಬಗ್ಗಿಸಿ ಕೆಳಗೆ ನೋಡಿತು. ನೀರು ಇನ್ನೇನು ಮುಟ್ಟಬೇಕು ಎನ್ನುವಾಗ ರೆಕ್ಕೆಗಳನ್ನು ಹಿಂದಕ್ಕೆ ಎಳೆದುಕೊಂಡು ಈಟಿಯಂತೆ ಒಳಗೆ ಹೋಯಿತು. 30 ಮೀಟರ್ ಎತ್ತರದಿಂದಲೂ ಇವು ಹೀಗೆ ಬೀಳುತ್ತವೆ, ತಾಸಿಗೆ 100 ಕಿ.ಮೀ. ಹತ್ತಿರದ ವೇಗ. ನಮಗಾದರೆ ಎಲುಬು ಉಳಿಯುವುದಿಲ್ಲ. ಇವಕ್ಕೆ ಹೊರಗೆ ಮೂಗಿನ ಹೊಳ್ಳೆಯೇ ಇಲ್ಲ. ಮುಖ, ಎದೆಯ ಚರ್ಮದಡಿ ಗಾಳಿಚೀಲಗಳಿದ್ದು ಪೆಟ್ಟು ತಾಳುತ್ತವೆ. ಆದರೂ ಒಂದೇ ಮೀನುಹಿಂಡಿನ ಮೇಲೆ ಹತ್ತಾರು ಹಕ್ಕಿ ಎರಗಿದಾಗ ಒಂದಕ್ಕೊಂದು ಬಡಿದು ಸಾಯುವುದುಂಟು. 2022ರಲ್ಲಿ ಹಕ್ಕಿಜ್ವರವೂ ಬಂತು. ಬದುಕುಳಿದ ಕೆಲವುಗಳ ತಿಳಿನೀಲಿ ಕಣ್ಣು ಕಪ್ಪಾಗಿದೆ.

ನನಗೆ ಹೆಚ್ಚು ಸಂಕಟವಾಗುವುದು ಬಲೆಯ ವಿಚಾರಕ್ಕೆ. ಮೇಲಿಂದ ಮೀನು ಕಾಣುತ್ತದೆ, ನೀರಿನೊಳಗಿನ ನೈಲಾನ್ ಎಳೆ ಕಾಣುವುದಿಲ್ಲ. ಆ ಗಾಳಿಚೀಲಗಳಿಂದ ಇಲ್ಲಿ ಏನೂ ಉಪಯೋಗವಿಲ್ಲ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಮುನಿರಾಬಾದಿನ ತುಂಗಭದ್ರಾ ಹಿನ್ನೀರಿನಲ್ಲಿ ಕಾಕಾನ ಜೊತೆ ಹರಿಗೋಲಿನಲ್ಲಿ ಹೋಗಿದ್ದೆ. ಬಿಸಿಲು ಏರಿತ್ತು. ರಾತ್ರಿ ಕಟ್ಟಿದ್ದ ಬಲೆ ಎಳೆಯುತ್ತಿದ್ದಂತೆ ಎರಡು ನೀರುಕಾಗೆ ಬಂದವು. ಒಂದು ಆಗಲೇ ಸತ್ತಿತ್ತು. ಇನ್ನೊಂದರ ಕೊಕ್ಕಿಗೂ ರೆಕ್ಕೆಯ ಬುಡಕ್ಕೂ ಎಳೆ ಬಿಗಿದುಕೊಂಡಿತ್ತು, ಹಸಿರು ಕಣ್ಣು ಪಿಳಿಪಿಳಿ ಅನ್ನುತ್ತಿತ್ತು. ಕಾಕಾ ಕುಡುಗೋಲು ತೆಗೆದು ಬಲೆಯನ್ನೇ ಕೊಯ್ದ. ನಾನು, “ಬಲಿ ಹಾಳಾತಲ್ಲೋ ಕಾಕಾ” ಅಂದೆ.

“ಬಲಿ ಹೊಲೀಬಹುದಲೇ. ಇದೂ ನಮ್ಮಂಗ ಹೊಟ್ಟಿಗೆ ಬಂದೈತಿ.”

ಅದು ಬಂಡೆ ಮೇಲೆ ಕೂತು ತುಂಬ ಹೊತ್ತು ರೆಕ್ಕೆ ಹರವಿಕೊಂಡಿತ್ತು. ಅದರ ಗರಿಗೆ ನೀರು ಇಳಿಯುತ್ತದೆ, ಮುಳುಗಲು ಅದೇ ಅನುಕೂಲ. ಒಣಗದೆ ಚೆನ್ನಾಗಿ ಹಾರಲಾಗದು.

ನೀರುಕಾಗೆ ಮೀನಿಗೆ ಮುಳುಗುವುದು ಹಗಲಿನಲ್ಲಿ. ಹಾಗಾಗಿ ರಾತ್ರಿ ಕಟ್ಟಿದ ಬಲೆಯನ್ನು ಬೆಳಕು ಹರಿಯುವ ಮೊದಲೇ ಎತ್ತಿದರೆ ಎಷ್ಟೋ ಜೀವ ಉಳಿಯುತ್ತವೆ. ನಮ್ಮೂರ ಕಡೆ ಬಲೆ ಕಟ್ಟುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹಾಗೆ ಮಾಡಿ. ಬಾಸ್ ರಾಕ್‌ನಿಂದ ಬಂದ ರಾತ್ರಿ ಕಾಕಾಗೆ ಫೋನ್ ಹಚ್ಚಿ ಇದನ್ನೇ ಹೇಳಿದೆ. “ಅವತ್ತಿನಿಂದ ನಸುಕಿನ್ಯಾಗ ಎತ್ತಾಕತ್ತೀನಿ ತಮ್ಮಾ” ಅಂದ.