ಎರಡು ತೆಳ್ಳೇವಿನಷ್ಟು ದಪ್ಪ

ಕಾರವಾರದ ಬಿಸಿಲಿಗೆ ಬೈಯದವರು ಯಾರು? ಮಧ್ಯಾಹ್ನ ಟಾಗೋರ್ ಬೀಚಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಮೈ ಚುರುಗುಡುತ್ತದೆ. ಆದರೆ ಇದು ಸೋಸಿ ಬಂದ ಬಿಸಿಲು ಮಾರಾಯ್ರೆ! ನೆಲದಿಂದ ಸುಮಾರು 15ರಿಂದ 35 ಕಿ.ಮೀ. ಮೇಲಿರುವ ಓಝೋನ್ ಅನಿಲ, ಬಿಸಿಲಿನ ಅತಿನೇರಳೆ ಕಿರಣಗಳ ಹೆಚ್ಚಿನ ಪಾಲನ್ನು ಅಲ್ಲೇ ತಡೆಯುತ್ತದೆ. ಅಷ್ಟೂ ಓಝೋನನ್ನು ಕೆಳಗಿಳಿಸಿ ನೆಲಮಟ್ಟದ ಒತ್ತಡದಲ್ಲಿ ಹಾಸಿದರೆ ದಪ್ಪ ಎಷ್ಟು ಗೊತ್ತಾ? ಬರೀ 3 ಮಿಲಿಮೀಟರ್. ಶಿರಸಿ ಕಡೆಯ ತೆಳ್ಳೇವು, ಅಂದ್ರೆ ತೆಳು ದೋಸೆ, ಎರಡು ಒಂದರ ಮೇಲೊಂದು ಇಟ್ಟಷ್ಟು, ಅಷ್ಟೇ.

ಓಝೋನ್ ಇರುವ ಪದರಕ್ಕಿಂತ ಮೇಲಿನ ವಾಯುಪದರದಲ್ಲಿ ಸಣ್ಣ ಉಲ್ಕೆಗಳು ಉರಿದುಹೋಗುತ್ತವೆ. ನಮ್ಮ ಮಳೆಮೋಡಗಳದ್ದು ಮಾತ್ರ ಎಲ್ಲಕ್ಕಿಂತ ಕೆಳಗಿನ ಮನೆ.

ಹಳೇ ಫ್ರಿಜ್ಜಿನ ಸಿಎಫ್‌ಸಿ ಅನಿಲ ಓಝೋನನ್ನು ತಿನ್ನುತ್ತಿತ್ತು. ಅದನ್ನು ತಡೆಯಲು ದೇಶಗಳು ಸೇರಿ ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ಬಳಕೆ ತಗ್ಗಿತು. ಓಝೋನ್ ಈಗ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ. ಇಷ್ಟೊಂದು ದೇಶಗಳು ಒಂದು ಮಾತಿಗೆ ಒಪ್ಪಿದ್ದೇ ದೊಡ್ಡದು ಅಲ್ವಾ?